ಹೆಲಿಕಾಪ್ಟರಿನ ಹೆದರಿಕೆ ಡ್ರೋನಿಗೂ ಹಬ್ಬುವುದೇಕೆ?

ಕಾಸರಗೋಡಿನ ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶವಿಡೀ ತಡೆಯಿತು. ಈಗ ಕೊಳೆರೋಗಕ್ಕೆ ಅಡಿಕೆ ಮರಗಳಿಗೆ ಡ್ರೋನಿನಿಂದ ಮದ್ದು ಬಿಡುವ ಮಾತು ಬಂದಿದೆ. ಆ ಸದ್ದಿಗೆ ಮನೆಯ ಅಜ್ಜಿ ಬೆಚ್ಚಿಬಿದ್ದರೆ, "ಇದು ಬರೀ ಮೈಲುತುತ್ತು, ಸುಣ್ಣ" ಎಂದು ಗದರಿ ಏನು ಪ್ರಯೋಜನ? ಎಂಡೋಸಲ್ಫಾನಿನ ಹಾನಿ ಮನಸ್ಸಿನ ಕಲ್ಪನೆಯಲ್ಲ. ಅದರ ಜೊತೆ ಅಂಟಿಕೊಂಡ ಹೆದರಿಕೆ ಹಬ್ಬುವ ಬಗೆ ಮಾತ್ರ ಬೇರೆಯೇ ವಿಷಯ.

ರಷ್ಯಾದ ವಿಜ್ಞಾನಿ ಪಾವ್ಲೋವ್ ಇದನ್ನು ನೂರು ವರ್ಷಗಳ ಹಿಂದೆಯೇ ನಾಯಿಗಳಲ್ಲಿ ಕಂಡಿದ್ದರು. ಒಂದು ಸ್ವರ ಕೇಳಿದ ಮೇಲೆ ಊಟ ಸಿಗುತ್ತದೆ ಎಂದು ಕಲಿತ ನಾಯಿ, ಅದನ್ನು ಹೋಲುವ ಸ್ವರಕ್ಕೂ ಜೊಲ್ಲು ಸುರಿಸುತ್ತಿತ್ತು. ಹೋಲಿಕೆ ಕಡಿಮೆಯಾದಷ್ಟೂ ಜೊಲ್ಲೂ ಕಡಿಮೆ. ಮನಶ್ಶಾಸ್ತ್ರದಲ್ಲಿ ಇದಕ್ಕೆ ಪ್ರಚೋದನೆಯ ಸಾಮಾನ್ಯೀಕರಣ ಎನ್ನುತ್ತಾರೆ.

1920ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ವಾಟ್ಸನ್ ಮತ್ತು ರೇನರ್ ಪ್ರಕಟಿಸಿದ ಪ್ರಯೋಗ ಓದಿದರೆ ಈಗಲೂ ಸಂಕಟವಾಗುತ್ತದೆ. ಆಲ್ಬರ್ಟ್ ಎಂದು ಅವರು ಕರೆದ ಮಗುವಿಗೆ ಮೊದಲು ಬಿಳಿ ಇಲಿಯ ಹೆದರಿಕೆ ಇರಲಿಲ್ಲ. ಹನ್ನೊಂದು ತಿಂಗಳಾಗಿದ್ದಾಗ, ಅದು ಇಲಿ ಮುಟ್ಟಲು ಹೋದಾಗ ಹಿಂದಿನಿಂದ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ದೊಡ್ಡ ಸದ್ದಾಗುವಂತೆ ಬಡಿದರು. ಹೀಗೆ ಏಳು ಸಲ ಆದ ಮೇಲೆ ಬರೀ ಇಲಿ ಕಂಡರೂ ಮಗು ಅತ್ತಿತು. ಐದು ದಿನ ಕಳೆದು ನೋಡಿದರೆ ಮೊಲಕ್ಕೂ ಅಳು, ನಾಯಿಗೂ ಅಂಜಿಕೆ, ತುಪ್ಪಳದ ಕೋಟಿಗೂ ಅಳು. ಮರದ ಆಟಿಕೆ ತುಂಡುಗಳ ಜೊತೆ ಮಾತ್ರ ಸುಮ್ನೆ ಆಡುತ್ತಿತ್ತು. ಅಂದರೆ ಹೆದರಿಕೆ ಎಲ್ಲೆಂದರಲ್ಲಿ ಹಬ್ಬಲಿಲ್ಲ, ಹೋಲಿಕೆಯ ಜಾಡು ಹಿಡಿದೇ ಹೋಯಿತು. ಅದನ್ನು ಬಿಡಿಸುವ ಮೊದಲೇ ಮಗು ತಾನಿದ್ದ ಆಸ್ಪತ್ರೆ ಬಿಟ್ಟು ಹೋಗಿತ್ತು. ಹೆದರಿಸಲು ಇದ್ದ ಸಮಯ ಸಮಾಧಾನ ಮಾಡಲು ಇರಲಿಲ್ಲ, ಅಲ್ವಾ?

ಬಿಡಿಸುವ ದಾರಿ 1924ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಅವರಿಂದ ಬಂತು. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಹುಡುಗನಿಗೆ ಇಷ್ಟದ ತಿಂಡಿ ಕೊಟ್ಟು, ಮೊಲವನ್ನು ಮೊದಲು ದೂರದಲ್ಲಿಟ್ಟು, ಮೆಲ್ಲ ಮೆಲ್ಲನೆ ಹತ್ತಿರ ತಂದರು. ಕೊನೆಗೆ ಅವನು ಅದನ್ನು ಮುಟ್ಟಿ ಆಡಿದ. ಆಮೇಲಿನ ದಶಕಗಳ ಪ್ರಯೋಗಗಳಲ್ಲಿ, ಗಾಬರಿಯ ಕಾಯಿಲೆ ಇರುವವರಲ್ಲಿ ಈ ಹಬ್ಬುವಿಕೆ ಜಾಸ್ತಿ ಎಂದೂ ಕಂಡುಬಂತು.

ಹಾಗಾಗಿ ಡ್ರೋನ್ ತರುವವರು ಮದ್ದಿಲ್ಲದೆ, ದೂರದ ಗುಡ್ಡೆಯಲ್ಲಿ ಮೊದಲು ಹಾರಿಸಲಿ. ಯಾವ ದಿನ, ಎಷ್ಟು ಹೊತ್ತಿಗೆ ಎಂದು ಮೊದಲೇ ಹೇಳಲಿ. ದ್ರಾವಣ ಕಲಸುವುದನ್ನು ಎದುರಿಗೇ ತೋರಿಸಲಿ. ಅಷ್ಟಾದ ಮೇಲೂ ಅಜ್ಜಿ ಬೇಡ ಎಂದರೆ ಆ ಮನೆಯ ತೋಟಕ್ಕೆ ಮರ ಹತ್ತುವವರೇ ಮದ್ದು ಬಿಡಲಿ.