ಹೆಸರಲ್ಲೇ ಇದ್ದ ಗುಟ್ಟು

ಲಂಡನ್ನಿನ ಬೆಡ್‌ಫರ್ಡ್ ಚೌಕದಲ್ಲಿ 1775ರಿಂದ 1783ರ ನಡುವೆ ಎದ್ದ ಮನೆಗಳ ಗೋಡೆ ಸಾದಾ ಇಟ್ಟಿಗೆಯದು. ಆದರೆ ಬಾಗಿಲ ಕಮಾನಿನ ನೆತ್ತಿಯಲ್ಲಿ ಗಡ್ಡದ ಮುಖಗಳಿವೆ. ನೋಡಿದವರೆಲ್ಲ ಅವನ್ನು ಕೆತ್ತಿದ ಕಲ್ಲು ಎಂದುಕೊಳ್ಳುತ್ತಾರೆ. ಅವು ಅಚ್ಚಿಗೆ ಒತ್ತಿ ಸುಟ್ಟ ಜೇಡಿಮಣ್ಣು! ಒಂದು ಅಚ್ಚಿನಿಂದ ಹತ್ತಾರು ಮುಖಗಳು ಬರುತ್ತಿದ್ದುದರಿಂದ ಗ್ರೀಕ್, ರೋಮನ್ ಅಲಂಕಾರ ಇಟ್ಟಿಗೆ ಮನೆಗಳ ಬಾಗಿಲಿಗೂ ಬಂತು.

ಇದನ್ನು ಮಾಡಿಸಿದವರು 1769ರಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕಾರ್ಖಾನೆ ನಡೆಸಲು ತೊಡಗಿದ ಎಲಿನರ್ ಕೋಡ್. ಮದುವೆಯಾಗದಿದ್ದರೂ ಅಂದಿನ ವ್ಯಾಪಾರದ ರೂಢಿಯಂತೆ ಅವರು ‘ಮಿಸೆಸ್ ಕೋಡ್’. ತಾಯಿಯ ಹೆಸರೂ ಎಲಿನರ್ ಆಗಿದ್ದರಿಂದ ಇತಿಹಾಸಕಾರರು ಬಹುಕಾಲ ಇಬ್ಬರನ್ನೂ ಒಬ್ಬರೆಂದೇ ಬಗೆದಿದ್ದರು.

‘ಆ ಮಣ್ಣಿನ ಮಿಶ್ರಣದ ಸೂತ್ರ ಕೋಡ್ ಅವರೊಂದಿಗೇ ಕಣ್ಮರೆಯಾಯಿತು’ ಎಂಬ ಕಥೆಯನ್ನು ಇನ್ನೂ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ. ಆ ಸರಕಿಗೆ ಇಟ್ಟಿದ್ದ ಗ್ರೀಕ್ ಹೆಸರು ‘ಲಿಥೋಡಿಪೈರಾ’. ಬಿಡಿಸಿದರೆ ಕಲ್ಲು, ಎರಡು, ಬೆಂಕಿ: ಎರಡು ಸಲ ಬೆಂದ ಕಲ್ಲು. ಗುಟ್ಟಿನ ಮುಖ್ಯ ಭಾಗವೇ ಅದು.

ಹಸಿ ಜೇಡಿಮಣ್ಣಿನ ಕಣಗಳು ತೆಳು ಬಿಲ್ಲೆಗಳಂತಿದ್ದು, ನಡುವೆ ನೀರಿನ ಪೊರೆ ಇರುತ್ತದೆ. ನೀರು ಆರಿದಂತೆ ಬಿಲ್ಲೆಗಳು ಹತ್ತಿರವಾಗಿ ಮಣ್ಣು ಕುಗ್ಗುತ್ತದೆ. ಹೊರಗು ಬೇಗ ಆರಿ ಒಳಗು ತೇವವಾಗಿಯೇ ಉಳಿದರೆ ಬೇಸಗೆಯ ಕೆರೆಯಂಗಳದಂತೆ ಬಿರುಕು ಬಿಡುತ್ತದೆ. ಸುಡುವ ಗೂಡಿನಲ್ಲಿ ಮತ್ತೊಮ್ಮೆ ಕುಗ್ಗುತ್ತದೆ. ಆಗ ಮುಖದ ಮೂಗು ಸೊಟ್ಟಗಾಗಬಹುದು. ಕೋಡ್ ಕಾರ್ಖಾನೆಯಲ್ಲಿ ಮೊದಲೇ ಸುಟ್ಟ ಮಣ್ಣನ್ನು ಪುಡಿಮಾಡಿ ಹಸಿಮಣ್ಣಿಗೆ ಬೆರೆಸುತ್ತಿದ್ದರು. ಆ ಪುಡಿ ತಾನು ಕುಗ್ಗಬೇಕಾದಷ್ಟನ್ನು ಮೊದಲ ಬೆಂಕಿಯಲ್ಲೇ ಕುಗ್ಗಿ ಮುಗಿಸಿರುತ್ತದೆ. ಕಾಂಕ್ರೀಟಿನೊಳಗಿನ ಜಲ್ಲಿಯಂತೆ ಅದು ಅಲುಗದೆ ನಿಲ್ಲುತ್ತದೆ, ಮೈಯೊಳಗಿನ ಎಲುಬಿನಂತೆ ಆಕಾರ ಹಿಡಿಯುತ್ತದೆ. ಜೊತೆಗೆ ಬೆಣಚುಕಲ್ಲಿನ ಪುಡಿ, ಗಾಜಿನ ಪುಡಿ. ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಾಜು ಕರಗಿ, ಚಿಕ್ಕಿಯ ಕಡಲೆಬೀಜಗಳನ್ನು ಬೆಲ್ಲದ ಪಾಕ ಬೆಸೆಯುವಂತೆ ಕಣಗಳನ್ನು ಬೆಸೆಯುತ್ತದೆ. ಗೂಡು ನಾಲ್ಕು ದಿನ ಉರಿಯಬೇಕು. ಇಷ್ಟಾದರೂ ಸುಮಾರು ಶೇ. 8ರಷ್ಟು ಕುಗ್ಗುವುದು ತಪ್ಪದು; ಅದಕ್ಕೆಂದೇ ಅಚ್ಚನ್ನು ತಕ್ಕಷ್ಟು ದೊಡ್ಡದಾಗಿ ಮಾಡಬೇಕು. ನನ್ನ ಮಟ್ಟಿಗೆ ನಿಜವಾದ ಜಾಣ್ಮೆ ಸೂತ್ರಕ್ಕಿಂತ ಹೆಚ್ಚಾಗಿ ಈ ಲೆಕ್ಕದಲ್ಲಿ, ಗೂಡು ಕಾಯುವವರ ಕಣ್ಣಳತೆಯಲ್ಲಿದೆ.

ಲಂಡನ್ನಿನ ಕಲ್ಲಿದ್ದಲ ಹೊಗೆಯ ಆಮ್ಲ ಸುಣ್ಣಕಲ್ಲನ್ನು ತಿನ್ನುತ್ತಿತ್ತು. ಈ ಮಣ್ಣಿನಲ್ಲಿ ಅದಕ್ಕೆ ಕರಗಿಸಲು ಸುಣ್ಣಕಲ್ಲೇ ಇಲ್ಲ. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಬದಿಯಲ್ಲಿರುವ 1837ರ ಸಿಂಹವೂ ಇದೇ ಮಣ್ಣಿನದು. ಅದರ ಕೇಸರದ ಸುರುಳಿಗಳು ಇನ್ನೂ ಸವೆದಿಲ್ಲ.