ಸಾಲ ಹೊತ್ತ ಚಿಕ್ಕ ಕಂಪನಿಯ ವಾರ್ಷಿಕ ಲೆಕ್ಕ ಓದುವುದು: ನಷ್ಟ ಆಮೇಲೆ, ವಾಯಿದೆ ಮೊದಲು

ಸಾಲ ಜಾಸ್ತಿ ಇರುವ ಚಿಕ್ಕ ಕಂಪನಿಯ ವಾರ್ಷಿಕ ವರದಿಯಲ್ಲಿ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಕೊನೆಯ ಸಾಲಿನ ನಿವ್ವಳ ನಷ್ಟ. ಪರೀಕ್ಷೆಗೆ ಓದುವಾಗ ನಾವೆಲ್ಲ ಮೊದಲು ಅಲ್ಲಿಗೇ ಹಾರುತ್ತೇವೆ. "ನಷ್ಟ ಅರ್ಧಕ್ಕಿಂತ ಕಡಿಮೆ ಆಗಿದೆ, ಕಂಪನಿ ಸುಧಾರಿಸುತ್ತಿದೆ" ಅಂತ ಬರೆದುಬಿಡುತ್ತೇವೆ. ಅದು ಎಷ್ಟು ತಪ್ಪಾಗಬಹುದು ಅಂತ ತೋರಿಸಲು ಒಂದು ಕಲ್ಪಿತ ಕಂಪನಿಯ ಲೆಕ್ಕ ಹಾಕಿದ್ದೇನೆ. ಅಂಕಿಗಳೆಲ್ಲ ಸಾವಿರಗಳಲ್ಲಿ. ಯಾವ ದೇಶದ ಹಣ ಅಂತ ಬೇಕಾದರೂ ಅಂದುಕೊಳ್ಳಿ.

ಮಾರಾಟ: 8,400 (ಹಿಂದಿನ ವರ್ಷ 9,600)
ಮಾರಿದ ಸರಕಿನ ವೆಚ್ಚ: 6,048 (6,720)
ಒಟ್ಟು ಲಾಭ: 2,352 (2,880)
ನಿರ್ವಹಣಾ ಖರ್ಚು, ಸವಕಳಿ 400 ಸೇರಿ: 2,600 (2,900)
ನಿರ್ವಹಣಾ ನಷ್ಟ: 248 (20)
ಬಡ್ಡಿ ಖರ್ಚು: 930 (780)
ವಾರಂಟ್‌ಗಳ ಮೌಲ್ಯ ಬದಲಾವಣೆ: 520 ಲಾಭ (300 ನಷ್ಟ)
ಸಾಲ ಇತ್ಯರ್ಥದಿಂದ ಲಾಭ: 190 (ಇಲ್ಲ)
ನಿವ್ವಳ ನಷ್ಟ: 468 (1,100)

ನಷ್ಟ 1,100ರಿಂದ 468ಕ್ಕೆ ಇಳಿದಿದೆ. ಶೇಕಡಾ 57ರಷ್ಟು ಇಳಿಕೆ. ವರದಿಯ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರುವುದು ಇದೇ. ಈಗ ಮಧ್ಯದ ಸಾಲು ನೋಡಿ. ವ್ಯಾಪಾರದಿಂದಲೇ ಆದ ನಷ್ಟ 20 ಇದ್ದದ್ದು 248 ಆಗಿದೆ. ಮಾರಾಟ ಶೇ. 12.5 ಕುಸಿದಿದೆ. ಮಾರಾಟದಲ್ಲಿ ಒಟ್ಟು ಲಾಭದ ಪ್ರಮಾಣ ಶೇ. 30ರಿಂದ 28ಕ್ಕೆ ಬಂದಿದೆ. ಖರ್ಚು 300 ಕಡಿಮೆ ಮಾಡಿದ್ದಾರೆ, ಆದರೆ ಒಟ್ಟು ಲಾಭವೇ 528 ಬಿದ್ದುಹೋಗಿದೆ. ಅಂದ ಮೇಲೆ ಸುಧಾರಣೆ ಬಂದದ್ದು ಎಲ್ಲಿಂದ?

ಕಾಗದದ ಮೇಲಿನ ಲಾಭ

520ರ ಕಥೆ ಸ್ವಲ್ಪ ವಿಚಿತ್ರ. ಇಂಥ ಕಂಪನಿಗಳಿಗೆ ಬ್ಯಾಂಕು ಸುಲಭವಾಗಿ ಸಾಲ ಕೊಡುವುದಿಲ್ಲ. ಕೊಡುವವರು ಬಡ್ಡಿಯ ಜೊತೆಗೆ ವಾರಂಟ್ ಕೇಳುತ್ತಾರೆ. ಅಂದರೆ, ಮುಂದೆ ಯಾವಾಗಲಾದರೂ ಒಂದು ಗೊತ್ತಾದ ದರಕ್ಕೆ ಶೇರು ಕೊಳ್ಳುವ ಹಕ್ಕು. ಒಪ್ಪಂದದಲ್ಲಿ ಕೆಲವು ಷರತ್ತುಗಳಿದ್ದರೆ ಈ ವಾರಂಟನ್ನು ಶೇರು ಬಂಡವಾಳದಲ್ಲಿ ತೋರಿಸುವಂತಿಲ್ಲ, ಹೊಣೆಗಾರಿಕೆಯಾಗಿ ತೋರಿಸಬೇಕು. ಪ್ರತಿ ಬಾರಿ ಲೆಕ್ಕ ಮುಗಿಸುವಾಗ ಅದರ ನ್ಯಾಯೋಚಿತ ಮೌಲ್ಯವನ್ನು ಮತ್ತೆ ಅಳೆಯಬೇಕು.

ಶೇರು ದರ ಬಿದ್ದರೆ ವಾರಂಟ್‌ನ ಬೆಲೆಯೂ ಬೀಳುತ್ತದೆ. ಹೊಣೆಗಾರಿಕೆ ಕಡಿಮೆಯಾಯಿತು ಅಂತ ಆ ವ್ಯತ್ಯಾಸ ಲಾಭದ ಕಡೆಗೆ ಹೋಗುತ್ತದೆ. ನೋಡಿದಿರಾ? ಕಂಪನಿಯ ಮೇಲೆ ಮಾರುಕಟ್ಟೆಗೆ ನಂಬಿಕೆ ಕಡಿಮೆ ಆದಷ್ಟೂ ಲೆಕ್ಕದಲ್ಲಿ ಲಾಭ ಜಾಸ್ತಿ. ಹಿಂದಿನ ವರ್ಷ ದರ ಏರಿತ್ತು, ಅದಕ್ಕೇ 300 ನಷ್ಟ ಬಂದಿತ್ತು. ಎರಡೂ ವರ್ಷ ಈ ಸಾಲಿನಿಂದ ಒಂದು ಬಿಡಿಗಾಸೂ ಒಳಗೆ ಬರಲಿಲ್ಲ, ಹೊರಗೂ ಹೋಗಲಿಲ್ಲ.

190 ಅರ್ಥವಾಗುವುದು ಸುಲಭ. 290 ಕೊಡಬೇಕಾದ ಹಳೇ ಸಾಲಕ್ಕೆ 100 ಕೊಟ್ಟು ಕೈತೊಳೆದುಕೊಂಡಿದ್ದಾರೆ. ಸಾಲ ಕೊಟ್ಟವರು ಬಿಟ್ಟುಕೊಟ್ಟದ್ದೇ ಲಾಭ. ಹೊರೆ ಇಳಿದದ್ದು ನಿಜ. ಆದರೆ ಇದು ವರ್ಷ ವರ್ಷ ಸಿಗುವ ಲಾಭವಲ್ಲ. ಸಾಲ ಕೊಟ್ಟವರೇ ಇಷ್ಟು ಕಡಿಮೆಗೆ ಒಪ್ಪಿದರು ಅಂದರೆ ಅವರಿಗೆ ಪೂರ್ತಿ ಹಣ ಬರುವ ಭರವಸೆ ಇರಲಿಲ್ಲ ಅಂತ ತಾನೇ?

ಈ ಎರಡು ಸಾಲನ್ನೂ ಎರಡೂ ವರ್ಷದಿಂದ ತೆಗೆದು ಹಾಕಿ. ಈ ವರ್ಷದ ನಷ್ಟ 1,178, ಹಿಂದಿನ ವರ್ಷದ್ದು 800. ಉತ್ತರ ಪೂರ್ತಿ ತಲೆಕೆಳಗಾಯಿತು.

ಬಡ್ಡಿಯನ್ನು ಮೂರು ಭಾಗ ಮಾಡಿ

ಬಡ್ಡಿ ಖರ್ಚು 930 ಅಂತ ಒಂದೇ ಸಾಲಿನಲ್ಲಿ ಬರೆದಿರುತ್ತಾರೆ. ಟಿಪ್ಪಣಿಗಳನ್ನು ಕೆದಕಿದರೆ ಮೂರು ಬೇರೆ ಬೇರೆ ವಿಷಯ ಸಿಗುತ್ತವೆ. ನಮ್ಮ ಕಂಪನಿಯಲ್ಲಿ ನಿಜವಾಗಿ ಕಟ್ಟಿದ ಬಡ್ಡಿ 310. ಕಟ್ಟದೆ ಬಾಕಿ ಉಳಿಸಿಕೊಂಡದ್ದು 380. ಉಳಿದ 240 ಡಿಸ್ಕೌಂಟ್‌ನ ಹಂಚಿಕೆ. ಸಾಲದ ಜೊತೆ ವಾರಂಟ್ ಕೊಟ್ಟಾಗ ಅದರ ಬೆಲೆಯಷ್ಟನ್ನು ಸಾಲದ ಮೊತ್ತದಿಂದ ಕಳೆದಿರುತ್ತಾರೆ. ಹಾಗೆ ಕಳೆದದ್ದನ್ನು ಅವಧಿಯುದ್ದಕ್ಕೂ ಬಡ್ಡಿಯಾಗಿ ಬರೆಯುತ್ತಾ ಹೋಗುತ್ತಾರೆ.

240ಕ್ಕೆ ಹೆದರಬೇಕಾಗಿಲ್ಲ, ಅದು ಬರೀ ಲೆಕ್ಕದ ಬರಹ. 380ಕ್ಕೆ ಹೆದರಬೇಕು. ಅದು ಖರ್ಚಿನಂತೆ ಕಾಣುತ್ತದೆ, ಆದರೆ ಅದು ಹೊಸ ಸಾಲವೇ. ಬಹಳಷ್ಟು ಒಪ್ಪಂದಗಳಲ್ಲಿ ಬಡ್ಡಿ ತಪ್ಪಿದರೆ ದರ ಮೇಲೇರುತ್ತದೆ. ಕೆಲವದರಲ್ಲಿ ಬಾಕಿ ಬಡ್ಡಿ ಅಸಲಿಗೇ ಸೇರುತ್ತದೆ. ಒಂದು ಸಾಲದಲ್ಲಿ ತಪ್ಪಿದರೆ ಬೇರೆ ಸಾಲಗಳೂ ತಪ್ಪಿದಂತೆ ಅನ್ನುವ ಕಲಮು ಇದ್ದರಂತೂ ಒಂದು ಕಂತು ಎಲ್ಲವನ್ನೂ ಎಳೆದುಕೊಂಡು ಬರುತ್ತದೆ.

ನಗದು ಹರಿವು ಯಾಕೆ ಚೆನ್ನಾಗಿ ಕಾಣುತ್ತದೆ

"ಲಾಭ ನಂಬಬೇಡ, ಕ್ಯಾಶ್ ಫ್ಲೋ ನಂಬು" ಅಂತ ಎಲ್ಲರೂ ಹೇಳುತ್ತಾರೆ. ಸಾಲದ ಕಂಪನಿಯಲ್ಲಿ ಅದನ್ನೂ ಕುರುಡಾಗಿ ನಂಬುವಂತಿಲ್ಲ. ನಮ್ಮ ಕಂಪನಿಯ ನಿರ್ವಹಣಾ ನಗದು ಹರಿವು ಪ್ಲಸ್ 322! ನಷ್ಟದಲ್ಲಿರುವ ಕಂಪನಿಗೆ ಇಷ್ಟು ಹಣ ಹೇಗೆ ಬಂತು? ಬಿಚ್ಚಿ ನೋಡೋಣ.

ನಿವ್ವಳ ನಷ್ಟ 468ರಿಂದ ಶುರು. ಸವಕಳಿ 400, ಡಿಸ್ಕೌಂಟ್ ಹಂಚಿಕೆ 240 ನಗದಲ್ಲ, ವಾಪಸ್ ಕೂಡಿಸಿ. 520 ಮತ್ತು 190 ನಗದು ಲಾಭ ಅಲ್ಲ, ಕಳೆಯಿರಿ. ಮೈನಸ್ 538 ಬರುತ್ತದೆ. ವ್ಯಾಪಾರ ಮತ್ತು ಬಡ್ಡಿ ಸೇರಿ ಕಂಪನಿ ಕಳೆದುಕೊಳ್ಳುತ್ತಿರುವುದು ಇಷ್ಟು.

ಆಮೇಲೆ ದುಡಿಯುವ ಬಂಡವಾಳದ ಸಾಲುಗಳು. ಗಿರಾಕಿಗಳಿಂದ ಬರಬೇಕಾದ ಬಾಕಿ 1,200ರಿಂದ 1,050ಕ್ಕೆ ಇಳಿದು 150 ಬಂತು. ದಾಸ್ತಾನು ಇಳಿದು 70. ಸರಕು ಕೊಟ್ಟವರಿಗೆ ಕೊಡಬೇಕಾದದ್ದು 260 ಏರಿತು. ಬಾಕಿ ಬಡ್ಡಿ 380 ಏರಿತು. ಒಟ್ಟು 860. ಮೈನಸ್ 538ಕ್ಕೆ ಕೂಡಿಸಿದರೆ ಪ್ಲಸ್ 322.

860ರಲ್ಲಿ 640 ಬಂದದ್ದು ಯಾರಿಗೋ ಕೊಡಬೇಕಾದದ್ದನ್ನು ಕೊಡದೆ ಇಟ್ಟುಕೊಂಡದ್ದರಿಂದ. ಇದನ್ನು ದಿನಗಳ ಲೆಕ್ಕದಲ್ಲಿ ನೋಡಿದರೆ ಇನ್ನೂ ಸ್ಪಷ್ಟ. ಸರಕಿನ ಬಾಕಿ 1,900ನ್ನು 6,048ರಿಂದ ಭಾಗಿಸಿ 365ರಿಂದ ಗುಣಿಸಿದರೆ 115 ದಿನ. ಹಿಂದಿನ ವರ್ಷ 89 ದಿನ ಇತ್ತು. ಸರಕು ಕೊಟ್ಟವರು ಗೊತ್ತಿಲ್ಲದೆಯೇ ಬ್ಯಾಂಕರ್‌ಗಳಾಗಿಬಿಟ್ಟಿದ್ದಾರೆ. ಇವರು "ಮುಂಗಡ ಹಣ ಕೊಟ್ಟರೆ ಮಾತ್ರ ಸರಕು" ಅಂದ ದಿನ ಈ ಹರಿವು ತಿರುಗಿ ಬೀಳುತ್ತದೆ.

ಗಿರಾಕಿ ಬಾಕಿಯ 150 ಕೂಡ ವಸೂಲಿ ಚುರುಕಾದದ್ದರಿಂದ ಬಂದದ್ದಲ್ಲ. ಬಾಕಿ ದಿನ ಆಗಲೂ 46, ಈಗಲೂ 46. ಮಾರಾಟವೇ ಕಡಿಮೆ ಆಯಿತು, ಅದರ ಜೊತೆ ಬಾಕಿಯೂ ಇಳಿಯಿತು, ಅಷ್ಟೇ. ಕುಗ್ಗುವ ಕಂಪನಿ ಮೊದಲ ಒಂದೆರಡು ವರ್ಷ ಹೀಗೆ ಹಣ ಬಿಡುಗಡೆ ಮಾಡುತ್ತದೆ.

ಇನ್ನೊಂದು ಸಣ್ಣ ವಿಷಯ, ಎರಡು ಕಂಪನಿ ಹೋಲಿಸುವಾಗ ಮಾತ್ರ ಬೇಕಾಗುತ್ತದೆ. ಅಮೆರಿಕದ ಪದ್ಧತಿಯಲ್ಲಿ ಕಟ್ಟಿದ ಬಡ್ಡಿ ನಿರ್ವಹಣಾ ಹರಿವಿನಲ್ಲೇ ಬರುತ್ತದೆ. ಅಂತರರಾಷ್ಟ್ರೀಯ ಲೆಕ್ಕ ಮಾನದಂಡವಾದ ಐಎಎಸ್ 7ರಲ್ಲಿ ಅದನ್ನು ಹಣಕಾಸು ಹರಿವಿನಲ್ಲೂ ತೋರಿಸಲು ಅವಕಾಶ ಇತ್ತು. 2027ರ ಜನವರಿ 1ರಿಂದ ಶುರುವಾಗುವ ವರ್ಷಗಳಿಗೆ ಹೊಸ ಮಾನದಂಡವಾದ ಐಎಫ್‌ಆರ್‌ಎಸ್ 18 ಜಾರಿಗೆ ಬಂದ ಮೇಲೆ ಹೆಚ್ಚಿನ ಕಂಪನಿಗಳಿಗೆ ಈ ಆಯ್ಕೆ ಇರುವುದಿಲ್ಲ, ಹಣಕಾಸು ಹರಿವೇ ಗತಿ.

ಬ್ಯಾಲೆನ್ಸ್ ಶೀಟ್: 0.4ರ ಒಳಗೆ ಏನಿದೆ

ಚಾಲ್ತಿ ಆಸ್ತಿ 2,000: ನಗದು 120, ಗಿರಾಕಿ ಬಾಕಿ 1,050, ದಾಸ್ತಾನು 780, ಇತರೆ 50. ಚಾಲ್ತಿ ಹೊಣೆಗಾರಿಕೆ (ಅಂದರೆ ಒಂದು ವರ್ಷದೊಳಗೆ ತೀರಿಸಬೇಕಾಗಬಹುದಾದದ್ದು) 5,000: ಸರಕಿನ ಬಾಕಿ 1,900, ಬಾಕಿ ಬಡ್ಡಿ 720, ಬ್ಯಾಂಕ್ ಸಾಲ 1,500, ಕನ್ವರ್ಟಿಬಲ್ ನೋಟ್ (ಶೇರಾಗಿ ಬದಲಾಯಿಸಿಕೊಳ್ಳಬಹುದಾದ ಸಾಲಪತ್ರ) 700, ವಾರಂಟ್ 180. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಚಾಲ್ತಿ ಅನುಪಾತ 0.4. ದಾಸ್ತಾನು ಮತ್ತು ಇತರೆ ಬಿಟ್ಟರೆ 0.23.

ಅನುಪಾತ ಬರೆದು ನಿಲ್ಲಿಸಬೇಡಿ. ವಾರಂಟ್‌ನ 180ನ್ನು ಯಾರೂ ನಗದಾಗಿ ಕೇಳಲು ಬರುವುದಿಲ್ಲ, ಸಾಮಾನ್ಯವಾಗಿ ಅದು ಶೇರಿನಲ್ಲೇ ತೀರುತ್ತದೆ. ಬ್ಯಾಂಕ್ ಸಾಲದ 1,500 ಇನ್ನೂ ಕುತೂಹಲದ್ದು. ಕಂತಿನ ಪ್ರಕಾರ ಮುಂದಿನ ವರ್ಷ ಕಟ್ಟಬೇಕಾದದ್ದು 500 ಮಾತ್ರ. ಮಿಕ್ಕ 1,000 ಯಾಕೆ ಚಾಲ್ತಿ ಪಟ್ಟಿಗೆ ಬಂತು? ಬಡ್ಡಿ ತೀರಿಸುವ ಸಾಮರ್ಥ್ಯ ಇಷ್ಟಾದರೂ ಇರಬೇಕು ಅಂತ ಬ್ಯಾಂಕು ಹಾಕಿದ ಷರತ್ತು ಮುರಿದಿದೆ. ಮುರಿದ ಕೂಡಲೇ ಬ್ಯಾಂಕಿಗೆ ಪೂರ್ತಿ ಸಾಲ ಕೇಳುವ ಹಕ್ಕು ಬಂದಿದೆ.

ಪರೀಕ್ಷೆಯಲ್ಲಿ ಇಲ್ಲಿ ಒಂದು ಪ್ರಶ್ನೆ ಬರುವ ಸಾಧ್ಯತೆ ಜಾಸ್ತಿ. ವರ್ಷ ಮುಗಿದ ಮೇಲೆ, ಲೆಕ್ಕ ಪ್ರಕಟವಾಗುವ ಮೊದಲು, ಬ್ಯಾಂಕು "ಈಗ ಕೇಳುವುದಿಲ್ಲ" ಅಂತ ಪತ್ರ ಕೊಟ್ಟರೆ? ಐಎಎಸ್ 1ರ ಪ್ರಕಾರ ಆ ಪತ್ರದಿಂದ ಪ್ರಯೋಜನ ಇಲ್ಲ. ವರ್ಷದ ಕೊನೆಯ ದಿನ ಹಕ್ಕು ಇತ್ತೋ ಇಲ್ಲವೋ ಅನ್ನುವುದೇ ಮುಖ್ಯ, ಸಾಲ ಚಾಲ್ತಿಯಲ್ಲೇ ಉಳಿಯುತ್ತದೆ. ಅಮೆರಿಕದ ಪದ್ಧತಿಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲಕ್ಕೆ ವಿನಾಯಿತಿ ಸಿಕ್ಕಿದ್ದರೆ ದೀರ್ಘಾವಧಿ ಸಾಲವಾಗಿ ತೋರಿಸಲು ದಾರಿ ಇದೆ. ಐಎಎಸ್ 1ಕ್ಕೆ ಆದ ತಿದ್ದುಪಡಿ 2024ರ ಜನವರಿ 1ರಿಂದ ಇನ್ನೊಂದನ್ನೂ ಸೇರಿಸಿದೆ: ಮುಂದಿನ 12 ತಿಂಗಳಲ್ಲಿ ಪಾಲಿಸಬೇಕಾದ ಷರತ್ತುಗಳಿದ್ದರೆ ಅವನ್ನು ಟಿಪ್ಪಣಿಯಲ್ಲಿ ಬಿಡಿಸಿ ಹೇಳಬೇಕು. ಆ ಟಿಪ್ಪಣಿ ಓದದೆ ಮುಂದೆ ಹೋಗಬೇಡಿ.

ಕನ್ವರ್ಟಿಬಲ್ ನೋಟ್ ಬಗ್ಗೆ ಒಂದು ಮಾತು. ಪರಿವರ್ತನೆ ದರ ಗೊತ್ತಾದ ಮೊತ್ತವೋ, ಆ ದಿನದ ಮಾರುಕಟ್ಟೆ ದರಕ್ಕೆ ರಿಯಾಯಿತಿಯೋ ನೋಡಿ. 60,000 ಅಸಲಿನ ನೋಟ್ (ಇಲ್ಲಿ ಮಾತ್ರ ಅಂಕಿ ಸಾವಿರಗಳಲ್ಲಲ್ಲ), 40% ರಿಯಾಯಿತಿ ಅಂದುಕೊಳ್ಳಿ. ಶೇರು ದರ 10 ಇದ್ದರೆ 6ರಂತೆ 10,000 ಶೇರು ಕೊಡಬೇಕು. ದರ 2ಕ್ಕೆ ಬಿದ್ದರೆ 1.20ರಂತೆ 50,000 ಶೇರು. ಆ ಶೇರುಗಳು ಮಾರುಕಟ್ಟೆಗೆ ಬಂದು ದರ ಮತ್ತೆ ಬೀಳುತ್ತದೆ, ಮುಂದಿನ ಪರಿವರ್ತನೆಗೆ ಇನ್ನೂ ಹೆಚ್ಚು ಶೇರು ಬೇಕಾಗುತ್ತದೆ. ಸಾಲ ತೀರಿತು ಅಂತ ಬ್ಯಾಲೆನ್ಸ್ ಶೀಟ್ ಹೇಳುತ್ತದೆ. ಹಳೇ ಶೇರುದಾರರ ಪಾಲು ಕರಗಿರುತ್ತದೆ.

ದಿವಾಳಿ ಊಹಿಸಲು ಆಲ್ಟ್‌ಮನ್ ಜೆಡ್ ಸ್ಕೋರ್ ಹಾಕೋಣವಾ ಅಂತ ಕೆಲವರು ಕೇಳುತ್ತಾರೆ. 1968ರ ಆ ಸೂತ್ರ ಶೇರುಪೇಟೆಯಲ್ಲಿದ್ದ ಉತ್ಪಾದನಾ ಕಂಪನಿಗಳ ಮೇಲೆ ಕಟ್ಟಿದ್ದು. ಬೇಕಿದ್ದರೆ ಹಾಕಿ. ನನ್ನ ಅಭಿಪ್ರಾಯದಲ್ಲಿ ಇಂಥ ಕಂಪನಿಗೆ ಮುಂದಿನ ಲೆಕ್ಕವೇ ಹೆಚ್ಚು ಹೇಳುತ್ತದೆ.

ವಾಯಿದೆ ಪಟ್ಟಿ ಬರೆಯುವುದು

ಸವಕಳಿ ಬಿಟ್ಟರೆ ವರ್ಷದ ನಗದು ಖರ್ಚು 8,248, ತಿಂಗಳಿಗೆ ಸುಮಾರು 687. ಕೈಲಿರುವ 120 ಐದು ದಿನಕ್ಕೆ ಸಾಕು. ಇದೊಂದು ಸಾಲು ಸಾಕಿತ್ತು, ಆದರೂ ಮುಂದಿನ ಮೂರು ತಿಂಗಳು ಬರೆದು ನೋಡೋಣ.

ಮಾರಾಟ ಹೀಗೇ ಇದ್ದರೆ ತಿಂಗಳಿಗೆ 700 ಬರುತ್ತದೆ, 687 ಹೋಗುತ್ತದೆ, 13 ಉಳಿಯುತ್ತದೆ. ಮೂರು ತಿಂಗಳಿಗೆ 39. ಕೈಲಿದ್ದದ್ದು ಸೇರಿ 159. ಹಿಂದಿನಷ್ಟೇ ಬಡ್ಡಿ ಕಟ್ಟಿದರೆ 78 ಹೋಗಿ 81. ಬ್ಯಾಂಕಿನ ಮೂರು ತಿಂಗಳ ಕಂತು 125 ಕಟ್ಟಿದರೆ ಮೈನಸ್ 44. ಮೂರನೇ ತಿಂಗಳಲ್ಲಿ 350ರ ಒಂದು ನೋಟ್ ವಾಯಿದೆ ಬರುತ್ತದೆ ಅಂತಿಟ್ಟುಕೊಳ್ಳಿ. ಮೈನಸ್ 394. ಬ್ಯಾಂಕು ಪೂರ್ತಿ ಸಾಲ ಕೇಳಿಲ್ಲ, ಸರಕು ಕೊಟ್ಟವರು ತಗಾದೆ ಮಾಡಿಲ್ಲ, ಬಾಕಿ ಬಡ್ಡಿ 720 ಮುಟ್ಟೇ ಇಲ್ಲ. ಎಲ್ಲ ಸುಸೂತ್ರ ಅಂದುಕೊಂಡರೂ ಇಷ್ಟು ಕೊರತೆ.

ಇದಕ್ಕೆ ಆಡಳಿತ ಏನು ಹೇಳುತ್ತದೆ ಅಂತ ಈಗ ಓದಿ. ಅಮೆರಿಕದಲ್ಲಿ ಶೇರುಪೇಟೆಯ ಕಂಪನಿಗಳು ವಾರ್ಷಿಕ ವರದಿಯಲ್ಲಿ ಮುಂದಿನ 12 ತಿಂಗಳ ನಗದು ಅಗತ್ಯವನ್ನೂ, ಅದರಾಚೆಯ ಅಗತ್ಯವನ್ನೂ ಚರ್ಚಿಸಲೇಬೇಕು. ಕಂಪನಿ ಮುಂದುವರಿಯುತ್ತದೋ ಇಲ್ಲವೋ ಅನ್ನುವ ಅಂದಾಜಿಗೆ ಐಎಎಸ್ 1 ವರ್ಷದ ಕೊನೆಯಿಂದ ಕನಿಷ್ಠ 12 ತಿಂಗಳು ನೋಡು ಅನ್ನುತ್ತದೆ. ಅಮೆರಿಕದ ನಿಯಮ ಲೆಕ್ಕ ಪ್ರಕಟವಾದ ದಿನದಿಂದ ಒಂದು ವರ್ಷ ಎಣಿಸುತ್ತದೆ. ಲೆಕ್ಕ ತಡವಾಗಿ ಬಂದರೆ ಈ ವ್ಯತ್ಯಾಸ ಸಣ್ಣದೇನಲ್ಲ.

ಆ ಭಾಗದಲ್ಲಿ ಕ್ರಿಯಾಪದಗಳಿಗೆ ಗೆರೆ ಎಳೆಯಿರಿ. "ಮಾತುಕತೆ ನಡೆದಿದೆ", "ಹೊಸ ಬಂಡವಾಳ ತರುವ ಉದ್ದೇಶ ಇದೆ" ಅನ್ನುವುದು ಬೇರೆ. "ವಾಯಿದೆಯನ್ನು ಎರಡು ವರ್ಷ ಮುಂದೂಡಿ ಸಹಿ ಆಗಿದೆ" ಅನ್ನುವುದು ಬೇರೆ. ಸಂಶಯ ನಿವಾರಣೆ ಆಯಿತು ಅನ್ನಲು ಅಮೆರಿಕದ ನಿಯಮಕ್ಕೆ ಯೋಜನೆ ಜಾರಿಯಾಗುವ ಮತ್ತು ಫಲ ಕೊಡುವ ಸಂಭವ ಗಟ್ಟಿಯಾಗಿ ಇರಬೇಕು. ಶೇರು ಮಾರುತ್ತೇವೆ ಅನ್ನುವ ಆಸೆ ಅಲ್ಲಿ ನಿಲ್ಲುವುದು ಕಷ್ಟ, ಕೊಳ್ಳುವವರು ಕಂಪನಿಯ ಕೈಯಲ್ಲಿಲ್ಲ ನೋಡಿ. ಹಾಗೇ ಆಡಿಟರ್ ವರದಿಗೆ ಹೋಗಿ. ಅಂತರರಾಷ್ಟ್ರೀಯ ಆಡಿಟ್ ಮಾನದಂಡ 570ರ ಪ್ರಕಾರ ಗಂಭೀರ ಅನಿಶ್ಚಿತತೆ ಇದ್ದು, ಕಂಪನಿ ಅದನ್ನು ಸರಿಯಾಗಿ ಹೇಳಿಕೊಂಡಿದ್ದರೆ, ಆಡಿಟರ್ ಪ್ರತ್ಯೇಕ ಶೀರ್ಷಿಕೆ ಕೊಟ್ಟು ಅದನ್ನು ಎತ್ತಿ ತೋರಿಸುತ್ತಾರೆ. ಅಭಿಪ್ರಾಯ ಮಾತ್ರ ಬದಲಾಗುವುದಿಲ್ಲ. "ಆಡಿಟರ್ ಕ್ಲೀನ್ ರಿಪೋರ್ಟ್ ಕೊಟ್ಟಿದ್ದಾರೆ" ಅಂತ ಸುಮ್ನೆ ಬರೆದು ಅಂಕ ಕಳೆದುಕೊಳ್ಳುವುದು ಇಲ್ಲೇ.

ಕೊನೆಗೆ, ವರ್ಷ ಮುಗಿದ ನಂತರದ ಘಟನೆಗಳ ಟಿಪ್ಪಣಿ. ಅದು ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿರುತ್ತದೆ. ನಮ್ಮ 350ರ ನೋಟ್ ಮುಂದೂಡಿದ್ದಾರಾ, ಶೇರಾಗಿ ಬದಲಾಯಿತಾ, ಅಥವಾ ಅದನ್ನು ತೀರಿಸಲು ಇನ್ನೂ ಹೆಚ್ಚಿನ ಬಡ್ಡಿಗೆ 400 ಎತ್ತಿದ್ದಾರಾ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.