ಅಡ್ಸಾರ್ಬ್ ಆಗೋದು ಅಂದ್ರೆ ಹೀರೋದಲ್ಲ ಮಾರಾಯ್ರೆ
"ಎಲೆಕ್ಟ್ರೋಡ್ ಅಣುಗಳನ್ನ ಹೀರ್ಕೊಂಡಿದೆ" ಅನ್ನೋ ಸಾಲನ್ನ ಈ ವಾರದಲ್ಲೇ ಮೂರನೇ ಸಲ ಓದ್ದೆ, ಇನ್ನು ಸುಮ್ನಿರೋಕಾಗಲ್ಲ. ಸ್ಪಾಂಜು ನೀರನ್ನ ಒಳಗೆ ತಗೊಳ್ಳತ್ತಲ್ಲ, ಅದು ಅಬ್ಸಾರ್ಪ್ಷನ್. ಚಿನ್ನದ ಎಲೆಕ್ಟ್ರೋಡ್ ಮೈಮೇಲೆ ಅಣುಗಳು ಒಂದು ಪದರ ಕಟ್ಕೊಂಡು ಕೂತಿದ್ರೆ ಅದು ಅಡ್ಸಾರ್ಪ್ಷನ್, ಒಳಗೆ ಏನೂ ಹೋಗಿರಲ್ಲ.

ತಪ್ಪು ಪೂರ್ತಿ ನಮ್ಮದೇ ಅಲ್ಲ ಬಿಡಿ. ಲ್ಯಾಟಿನ್ನಲ್ಲಿ ಸೊರ್ಬೇರೆ ಅಂದ್ರೇನೇ ಹೀರೋದು. 1881ರಲ್ಲಿ ಜರ್ಮನ್ ಭೌತವಿಜ್ಞಾನಿ ಹೈನ್ರಿಖ್ ಕೈಸರ್ ಅಡ್ಸಾರ್ಪ್ಷನ್ ಅನ್ನೋ ಪದ ಬಳಕೆಗೆ ತಂದಾಗ ಮುಂದಿನ 'ಅಬ್' ಹೋಗಿ 'ಅಡ್' ಬಂತು, ಅಂದ್ರೆ 'ಕಡೆಗೆ', ಆದ್ರೆ ಹೀರೋ ಧಾತು ಹಾಗೇ ಉಳೀತು. ಕನ್ನಡಕ್ಕೆ ತರೋರು ಆ ಧಾತುವನ್ನೇ ಹಿಡ್ಕೊಂಡು ಹೀರಿಕೆ, ಶೋಷಣೆ ಅಂತ ಪದ ಕಟ್ಟಿದ್ರು (ಶೋಷಣೆ ಅಂದ ಕೂಡ್ಲೇ ನಂಗೆ ಕಾರ್ಮಿಕರ ಮುಷ್ಕರ ನೆನಪಾಗತ್ತೆ, ಎಲೆಕ್ಟ್ರೋಡ್ ಅಲ್ಲ). ಅಂಟಿಕೆ ಅಂದಿದ್ರೆ ಅರ್ಧ ಗೊಂದಲ ಹುಟ್ತಾನೇ ಇರ್ಲಿಲ್ಲ.

ಬರೀ ಪದದ ಜಗಳ ಆಗಿದ್ರೆ ಬಿಟ್ಬಿಡ್ತಿದ್ದೆ, ಇದು ವೋಲ್ಟಾಮೆಟ್ರಿಯ (ಎಲೆಕ್ಟ್ರೋಡಿನ ವೋಲ್ಟೇಜನ್ನ ಏರಿಸಿ ಇಳಿಸ್ತಾ ಕರೆಂಟು ಅಳೆಯೋದು) ಲೆಕ್ಕವನ್ನೇ ಕೆಡಿಸತ್ತೆ. ದ್ರಾವಣದಲ್ಲಿ ತೇಲ್ತಿರೋ ಅಣು ತಾನಾಗಿ ಹರಡ್ಕೊಳ್ಳೋ ಗುಣದಿಂದ, ಅಂದ್ರೆ ಡಿಫ್ಯೂಶನ್‌ನಿಂದ ಎಲೆಕ್ಟ್ರೋಡ್ ಹತ್ರ ಬರ್ತಾನೇ ಇರತ್ತೆ, ಹಾಗಾಗಿ ಪೀಕ್ (ಗ್ರಾಫಲ್ಲಿ ಕರೆಂಟಿನ ಶಿಖರ) ಆದ್ಮೇಲೂ ಕರೆಂಟು ಬಾಲದ ಥರ ಎಳೆಯತ್ತೆ, ಪೀಕ್ ಎತ್ತರ ಸ್ಕ್ಯಾನ್ ರೇಟಿನ (ವೋಲ್ಟೇಜು ಬದಲಾಗೋ ವೇಗ) ವರ್ಗಮೂಲದ ಜೊತೆ ಏರತ್ತೆ. ಅಂಟ್ಕೊಂಡಿರೋ ಅಣುಗಳ ಕಥೆ ಬೇರೆ, ಇರೋದೇ ಅಷ್ಟು, ಎಲ್ಲಾ ಆಕ್ಸಿಡೈಸ್ ಆಯ್ತಾ, ಅಂದ್ರೆ ಎಲೆಕ್ಟ್ರಾನ್ ಕಳ್ಕೊಂಡ್ವಾ, ಮುಗೀತು, ಕರೆಂಟು ಬೇಸ್‌ಲೈನಿಗೆ ವಾಪಸ್. ಸ್ಕ್ಯಾನ್ ರೇಟ್ ಎರಡು ಪಟ್ಟು ಮಾಡಿದ್ರೆ ಪೀಕೂ ಎರಡು ಪಟ್ಟು, 1.41 ಪಟ್ಟಲ್ಲ. ಇಂಥ ಡೇಟಾಗೆ ರ‍್ಯಾಂಡಲ್ಸ್-ಶೆವ್ಚಿಕ್ ಸಮೀಕರಣ (ತೇಲೋ ಅಣುಗಳಿಗಿರೋ ಆ ವರ್ಗಮೂಲದ ಸೂತ್ರ) ಹಾಕಿ ಡಿಫ್ಯೂಶನ್ ಕೋಯೆಫಿಶಿಯೆಂಟ್, ಅಂದ್ರೆ ಅಣು ಎಷ್ಟು ಬೇಗ ಹರಡತ್ತೆ ಅನ್ನೋ ಸಂಖ್ಯೆ, ತೆಗೀತಾರಲ್ಲ, ಎಲ್ಲೂ ಹೋಗದೆ ಕೂತಿರೋ ಅಣುವಿನ ವೇಗ ಅಳೆದ ಹಾಗೆ!

ಇನ್ನೊಂದು ನಂಗೆ ತಲೆ ಕೆಡಿಸೋದು: ಸ್ಕ್ಯಾನ್ ರೇಟ್ ಜಾಸ್ತಿ ಮಾಡ್ದಾಗ ಪೀಕ್ ಏರಿಯಾ ದೊಡ್ಡದಾಗಿ ಕಾಣತ್ತೆ ಅಂತ "ಜಾಸ್ತಿ ಅಣು ಅಂಟಿದೆ" ಅಂದುಬಿಡೋದು. ಗ್ರಾಫಿನ ಅಡ್ಡಗೆರೆಯಲ್ಲಿರೋದು ವೋಲ್ಟೇಜು, ಸಮಯ ಅಲ್ಲ. ಏರಿಯಾನ ಸ್ಕ್ಯಾನ್ ರೇಟಿನಿಂದ ಭಾಗಿಸಿ ನೋಡಿ, ಸಿಗೋ ಚಾರ್ಜು ಅಷ್ಟೇ ಇರತ್ತೆ, ಅಂದ್ರೆ ಅಣುಗಳೂ ಅಷ್ಟೇ. ಚಿನ್ನದ ಮೇಲೆ ಒತ್ತಾಗಿ ಕೂತ ಫೆರೋಸೀನ್ (ಕಬ್ಬಿಣ ಇರೋ ಒಂದು ಸಂಯುಕ್ತ) ಪದರ ತಗೊಳ್ಳಿ, ಚದರ ಸೆಂಟಿಮೀಟರಿಗೆ ಸುಮಾರು 4.5×10⁻¹⁰ ಮೋಲ್, ಒಂದು ಅಣುವಿಗೆ ಒಂದು ಎಲೆಕ್ಟ್ರಾನ್, ಫ್ಯಾರಡೆ ಸಂಖ್ಯೆಯಿಂದ ಗುಣಿಸಿದ್ರೆ 43 ಮೈಕ್ರೋಕೂಲಂಬ್. ನಿಧಾನಕ್ಕೆ ಓಡ್ಸಿ, ಜೋರಾಗಿ ಓಡ್ಸಿ, 43ರ ಆಸುಪಾಸೇ.

ಆದರ್ಶ ಲೆಕ್ಕದಲ್ಲಿ ವೋಲ್ಟೇಜು ಏರುವಾಗಿನ ಪೀಕೂ ಇಳಿಯುವಾಗಿನ ಪೀಕೂ ಒಂದೇ ವೋಲ್ಟೇಜಲ್ಲಿ, ಅರ್ಧ ಎತ್ತರದಲ್ಲಿ ಅಗಲ 25 ಡಿಗ್ರಿಯಲ್ಲಿ 90.6 ಮಿಲಿವೋಲ್ಟ್. ನಿಜವಾದ ಪದರದಲ್ಲಿ ಅಕ್ಕಪಕ್ಕದ ಅಣುಗಳು ತಳ್ಳಾಡಿದ್ರೆ ಪೀಕ್ ಅಗಲ ಆಗತ್ತೆ, ಒಂದನ್ನೊಂದು ಎಳೆದ್ರೆ ಸಪೂರ. ತುಂಬಾ ಜೋರಾಗಿ ಸ್ಕ್ಯಾನ್ ಮಾಡಿದ್ರೆ ಎಲೆಕ್ಟ್ರಾನ್ ದಾಟೋ ವೇಗ ಸಾಲದೆ ಎರಡು ಪೀಕೂ ದೂರ ಸರಿಯತ್ವೆ, ಆ ಅಂತರದಿಂದಲೇ ಎಲೆಕ್ಟ್ರಾನ್ ದಾಟೋ ವೇಗ ತೆಗಿಯೋ ದಾರೀನ ಲಾವಿರಾನ್ ಅನ್ನೋ ವಿಜ್ಞಾನಿ 1979ರಲ್ಲಿ ಕೊಟ್ರು.

ಹಾಂ, ಪೀಕ್ ಸ್ಕ್ಯಾನ್ ರೇಟಿನ ಜೊತೆ ನೇರವಾಗಿ ಏರ್ತು ಅಂದ ಮಾತ್ರಕ್ಕೆ ಅಂಟಿದೆ ಅಂತಾನೂ ತೀರ್ಪು ಕೊಡ್ಬೇಡಿ, ತೆಳು ಪದರದಲ್ಲಿ ಸಿಕ್ಕಿಹಾಕ್ಕೊಂಡಿರೋ ದ್ರಾವಣವೂ ಹಾಗೇ ಆಡತ್ತೆ. ಎಲೆಕ್ಟ್ರೋಡ್ ತೊಳೆದು, ಆ ಅಣು ಇಲ್ಲದ ಬರೀ ಎಲೆಕ್ಟ್ರೋಲೈಟಲ್ಲಿ (ಕರೆಂಟು ಹರಿಸೋ ದ್ರಾವಣ) ಇನ್ನೊಂದ್ಸಲ ಓಡ್ಸಿ, ಪೀಕ್ ಅಲ್ಲೇ ಇದ್ಯಾ ನೋಡಿ, ಆಮೇಲೆ ಅಡ್ಸಾರ್ಬ್ಡ್ ಅಂತ ಬರೀರಿ, ಡ ಹಾಕಿ.